ರೊಟ್ಟಿ ಬಡಿಯುವ ಹೊತ್ತಿನ ಪ್ರಾರ್ಥನೆ

ಆ ದಿನದ ಕೆಲಸಗಳನ್ನು ನನ್ನ ದಿನಚರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಐದೂವರೆಗೆ ಎದ್ದದ್ದು. ನಳ ಬಂದಿತ್ತು, ಎರಡು ಕೊಡ, ಒಂದು ಹಂಡೆ, ಸಿಮೆಂಟಿನ ತೊಟ್ಟಿ ಅರ್ಧ. ಚರ್ಚಿನ ಬಾಗಿಲು ತೆಗೆದು ಕಸ ಹೊಡೆದದ್ದು. ಯಾರೂ ಬರುವವರಿಲ್ಲ, ಆದರೂ. ಬೆಂಚುಗಳ ಮೇಲಿನ ಪಾರಿವಾಳದ ಹಿಕ್ಕೆ ಕೆರೆದದ್ದು. ಎರಡು ಮಾಸ್ಕ್ ಒಗೆದು ಹಗ್ಗಕ್ಕೆ ಹಾಕಿದ್ದು. ಗಡ್ಡ. ಹಿತ್ತಲ ಬಾಗಿಲಿನ ಚಿಲಕದ ಸ್ಕ್ರೂ ಬಿಗಿ ಮಾಡಿದ್ದು. ಫೋನು ಚಾರ್ಜಿಗೆ ಇಟ್ಟದ್ದು. ಎಂಟೂವರೆಗೆ ಪ್ರಾರ್ಥನೆ ನಡೆಸಿದ್ದು, ಹಾಜರಿ ಒಂಬತ್ತು ಮನೆ. ಅದರ ಕೆಳಗೆ "ಕೊಳಕೂರ" ಎಂದು ಒಂದೇ ಪದ ಬರೆದು ಪೆನ್ನು ಎತ್ತಿಬಿಟ್ಟಿದ್ದೇನೆ.

ದಿನಚರಿಯಲ್ಲಿ ಬರೆಯದೆ ಬಿಟ್ಟ ಸಂಗತಿಯೊಂದಿದೆ. ಆ ಎರಡು ತಿಂಗಳು ನಾನು ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಮೇಲೆ, ತಲೆ ಅರ್ಧ ಬೆಳ್ಳಗಾದ ಮೇಲೆ, ಚರ್ಚಿನ ಸಭಾಪಾಲಕನೆಂದು ಬಿಳಿ ನಿಲುವಂಗಿ ತೊಟ್ಟವನು ಹೀಗೆ ಬರೆಯುವುದು ಸುಲಭವಲ್ಲ. ಆದರೆ ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ನಾವು ಆಗ ಜೇವರ್ಗಿಯಲ್ಲಿದ್ದೆವು. ಅದಕ್ಕೂ ಮೊದಲು ಆರು ವರ್ಷ ಆಳಂದದಲ್ಲಿ, ಐದು ವರ್ಷ ಅಫಜಲಪುರದಲ್ಲಿ ಇದ್ದೆ. ನಮ್ಮಲ್ಲಿ ಸಭಾಪಾಲಕರಿಗೆ ಬದಲಿ ಆಗುತ್ತಲೇ ಇರುತ್ತದೆ. ಟ್ರಕ್ಕಿನಲ್ಲಿ ಮಂಚ, ಬೀರು, ಹಂಡೆ, ಗ್ಯಾಸಿನ ಒಲೆ ಏರಿಸಿ ಹೊರಡುವುದು, ಹೊಸ ಊರಲ್ಲಿ ಹೊಸಬರ ಮಕ್ಕಳ ಹೆಸರು ಕಲಿಯುವುದು. ಜೇವರ್ಗಿಯ ನಮ್ಮ ಚರ್ಚು ಹೆದ್ದಾರಿಯಿಂದ ಎರಡು ಓಣಿ ಒಳಗೆ. ವಿಜಯಪುರದ ಕಡೆ ಹೋಗುವ ಲಾರಿಗಳ ಹಾರ್ನು ಭಾನುವಾರ ನಾನು ಉಪದೇಶಿಸುವ ಪ್ರಸಂಗದ ನಡುವೆ ಬಂದೇ ಬರುತ್ತದೆ. ಸಭೆ ಸಣ್ಣದು. ಊರಿನ ಒಂದಿಷ್ಟು ಮನೆಗಳು, ಸುತ್ತಲಿನ ಹಳ್ಳಿಗಳಲ್ಲಿ ಚದುರಿದ ಕೆಲವು. ಕೊಳಕೂರದಲ್ಲಿ ಒಂದೇ ಒಂದು ಮನೆ: ಗಂಡ, ಹೆಂಡತಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಒಂದು ಎಮ್ಮೆ. ಗಂಡನಾದವನು ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ. ಮೈ ತುಂಬ ಶಕ್ತಿ, ತಲೆ ತುಂಬ ಹಟ.

ಕೊರೋನಾದ ಎರಡನೇ ಅಲೆ ಬಂದಾಗ ಚರ್ಚಿಗೆ ಮತ್ತೆ ಬೀಗ ಬಿತ್ತು. ಮೊದಲ ಸಲ ಬೀಗ ಬಿದ್ದಾಗ ಎಲ್ಲರಿಗೂ ಗಾಬರಿ. ಈ ಸಲ ಗಾಬರಿಯ ಜೊತೆಗೆ ಸಾವಿನ ಸುದ್ದಿಗಳೂ ಇದ್ದವು. ನಾನು ನನ್ನ ಕೆಲಸ ಬಿಡಬಾರದೆಂದು ಪ್ರತಿ ಭಾನುವಾರ ಫೋನಿನಲ್ಲಿ ಪ್ರಸಂಗ ರೆಕಾರ್ಡ್ ಮಾಡಿ ಸಭೆಯ ವಾಟ್ಸಾಪ್ ಗುಂಪಿಗೆ ಕಳಿಸತೊಡಗಿದೆ. ಫ್ಯಾನಿನ ಸದ್ದು ಬೀಳಬಾರದೆಂದು ಫ್ಯಾನು ಬಂದ್ ಮಾಡಿ, ಬೆವರು ಒರೆಸಿಕೊಳ್ಳುತ್ತ ಮೂವತ್ತೈದು ನಿಮಿಷ ಮಾತಾಡುತ್ತಿದ್ದೆ. ಮೊದಲ ಭಾನುವಾರ ಕಳಿಸಿ ಎರಡು ನಿಮಿಷವಾಗಿರಲಿಲ್ಲ, ನಮ್ಮ ಸಭೆಯ ಹಿರಿಯರು, ನಿವೃತ್ತ ಮೇಷ್ಟ್ರು, ಫೋನು ಮಾಡಿದರು.

"ಪಾಸ್ಟರ್ರೀ, ಪ್ರಸಂಗ ಭಾಳ ಛಲೋ ಇತ್ತು ನೋಡ್ರಿ. ಕಣ್ಣಾಗ ನೀರು ಬಂತು."

"ಸರ, ಮೂವತ್ತೈದು ನಿಮಿಷದ್ದು ಎರಡು ನಿಮಿಷದಾಗ ಹ್ಯಾಂಗ ಕೇಳಿದ್ರಿ?"

"ಅದು... ಸುರುವಾತಿನೇ ಅಷ್ಟು ಛಲೋ ಇತ್ರಿ!"

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಉಳಿದವರು ಅಷ್ಟನ್ನೂ ಹೇಳಲಿಲ್ಲವಲ್ಲ ಎಂಬ ಬೇಸರ ಮಾತ್ರ ಇತ್ತು.

ಹೆಂಡತಿಯ ಕೆಲಸ ಶುರುವಾದದ್ದು ನಾನು ಸ್ನಾನಕ್ಕೆ ಹೋದಾಗ. ನಮ್ಮ ಕಡೆಯ ಸಭೆಗಳಲ್ಲಿ ಹಿಡಿಜೋಳದ ಪದ್ಧತಿ ಇದೆ. ಹೆಣ್ಣುಮಕ್ಕಳು ರೊಟ್ಟಿಗೆ ಹಿಟ್ಟು ತೆಗೆಯುವ ಮೊದಲು ಒಂದು ಹಿಡಿ ಜೋಳ ಬೇರೆ ಗಡಿಗೆಗೆ ಹಾಕಿ, ಕಷ್ಟದಲ್ಲಿರುವ ಯಾವುದಾದರೂ ಒಂದು ಮನೆಯನ್ನು ನೆನೆಯುತ್ತಾರೆ. ಭಾನುವಾರ ಅದನ್ನು ಚರ್ಚಿಗೆ ತಂದು ಮುಂದಿಡುತ್ತಾರೆ. ನಾನು ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಮೇಲೆ ಬಡವರ ಮನೆಗೆ ಹೋಗುತ್ತದೆ. ಚರ್ಚು ಮುಚ್ಚಿದ ಮೂರನೆಯ ವಾರ ಕೊಳಕೂರದ ಹೆಣ್ಣುಮಗಳು ಫೋನು ಮಾಡಿ, ಗಡಿಗೆ ತುಂಬಿದೆ, ಜೋಳ ಏನು ಮಾಡಲಿ ಎಂದು ಕೇಳಿದಳಂತೆ. ನಾನು ಮೈಗೆ ಸೋಪು ಹಚ್ಚಿಕೊಂಡಿದ್ದೆ. ಫೋನು ಎತ್ತಿದ್ದು ಹೆಂಡತಿ.

"ನಿಮ್ಮ ಬಾಜೂಕ ಯಾರ ಮನ್ಯಾಗ ಒಲಿ ಹತ್ತಿಲ್ಲ ನೋಡು. ಅವರಿಗೆ ಕೊಡು. ಮತ್ತೇನು ಮಾಡ್ತಿ?"

"ಪಾಸ್ಟರ್ ಕೈ ಇಡಬೇಕಲ್ರಿ ಅದಕ್ಕ?"

"ದೇವರು ನಿನ್ನ ಕೈಯೂ ನೋಡ್ಯಾನ. ಕೊಟ್ಟು ಬಾ."

ನಾನು ಬಟ್ಟೆ ಹಾಕಿಕೊಂಡು ಬಂದಾಗ ಆ ವಿಷಯ ಮುಗಿದುಹೋಗಿತ್ತು. "ಕೊಳಕೂರಿನಾಕಿ ಕೇಳಿದ್ಳು, ಹೇಳಿದೆ" ಎಂದಳು, ಒಲೆಯ ಕಡೆ ಮುಖ ಮಾಡಿಕೊಂಡೇ. ನನ್ನ ಕೈ ಮುಟ್ಟದೆಯೇ ಜೋಳ ಹೋಯಿತಲ್ಲ ಎಂದು ನನಗೆ ಒಳಗೆ ಒಂದು ಮುಳ್ಳು ಚುಚ್ಚಿತು. ತಪ್ಪೇನೂ ಹೇಳಿರಲಿಲ್ಲ ಅವಳು. ಅದಕ್ಕೇ ಹೆಚ್ಚು ಚುಚ್ಚಿತು.

ಮರುದಿನ ಅದೇ ಹೊತ್ತಿಗೆ ಅವಳೇ ಕೊಳಕೂರಕ್ಕೆ ಫೋನು ಮಾಡಿದಳು. ಆ ಕಡೆ ಅವಳು ರೊಟ್ಟಿ ಬಡಿಯುತ್ತಿದ್ದಳು, ಈ ಕಡೆ ಇವಳೂ ಬಡಿಯುತ್ತಿದ್ದಳು. ಎರಡೂ ಫೋನು ಸ್ಪೀಕರಿನಲ್ಲಿ, ಕೈಯೆಲ್ಲ ಹಿಟ್ಟು. ಒಂದು ರೊಟ್ಟಿ ಹಂಚಿನ ಮೇಲೆ ಬೇಯುವಷ್ಟು ಹೊತ್ತು ಪ್ರಾರ್ಥನೆ. ಮುಗಿಯಿತು. ಆಮೇಲೆ ಇನ್ನೊಂದು ಮನೆ, ಇನ್ನೊಂದು ರೊಟ್ಟಿ. ಒಂದು ವಾರದಲ್ಲಿ ಹತ್ತು ಹನ್ನೆರಡು ಮನೆಯಾದವು. ಮನೆಯಲ್ಲಿ ಇಬ್ಬರೇ ಇರುವ ನಮಗೆ ಅಷ್ಟು ರೊಟ್ಟಿ ಯಾಕೆ? ಉಳಿದದ್ದನ್ನು ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬುತ್ತಿದ್ದಳು.

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಒಂದು ದಿನ ಕೈಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಒಂದು ಪ್ರಾರ್ಥನೆ ಒಂದೂಕಾಲು ನಿಮಿಷ. ಅದರಲ್ಲಿ ಒಬ್ಬಳ ಮೊಣಕಾಲು ನೋವು, ಇನ್ನೊಬ್ಬಳ ಎಮ್ಮೆ, ಮತ್ತೊಬ್ಬಳ ಮಗನ ಸಿಮ್ ಕಾರ್ಡು. ಸ್ತುತಿಯಿಲ್ಲ, ಪಾಪದ ಅರಿಕೆಯಿಲ್ಲ, ಕ್ರಮವಿಲ್ಲ.

"ಪ್ರಾರ್ಥನ್ಯಾಗ ಸಿಮ್ ಕಾರ್ಡ್ ಬರ್ತದೇನು?" ಎಂದು ಕೇಳಿದೆ.

"ಹಂಗಂದ್ರ ನಿಮ್ಮ ಪ್ರಸಂಗದಾಗ ನೆಟ್‌ವರ್ಕ್ ಬಗ್ಗೆ ಹತ್ತು ನಿಮಿಷ ಮಾತಾಡಿದ್ರಲ್ರಿ?"

"ಅದು ಉದಾಹರಣೆ."

"ಇದೂ ಉದಾಹರಣೆನೇ ತಿಳೀರಿ" ಎಂದು ರೊಟ್ಟಿ ಮಗುಚಿದಳು.

ಗೋಡೆಯಾಚೆಯ ಮನೆಯ ಗೌಡತಿಯೂ ಇದಕ್ಕೆ ಸೇರಿಕೊಂಡಳು. ಅವರು ಲಿಂಗಾಯತರು, ಹೊಲಮನೆ ಇದ್ದವರು. ಆಕೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ನಮ್ಮ ದೇವರಿಗೆ ಕೈ ಮುಗಿಯುವವಳಲ್ಲ. ಆದರೆ ಹಿಡಿಜೋಳದ ಮಾತು ಗೋಡೆಯ ಮೇಲಿಂದ ಕೇಳಿ, "ನಂದೂ ಒಂದು ಹಿಡಿ ತಗೋರಿ ಅಮ್ಮಾ, ಹೆಸರು ಮಾತ್ರ ನಮ್ಮ ಮೈದುನಂದು ಹೇಳ್ರಿ, ಕಲಬುರಗಿ ದವಾಖಾನ್ಯಾಗ ಅದಾನ" ಎಂದು ಬಟ್ಟಲು ಚಾಚುತ್ತಿದ್ದಳು. ಹನ್ನೊಂದು ವರ್ಷ ಆಳಂದ, ಅಫಜಲಪುರದಲ್ಲಿ ನಾನು ಮಾಡಿದ ಸೇವೆಯಲ್ಲಿ ನೆರೆಯ ಲಿಂಗಾಯತರ ಮನೆಯವರು ಒಮ್ಮೆಯೂ ನನ್ನ ಹತ್ತಿರ ಪ್ರಾರ್ಥನೆ ಕೇಳಿರಲಿಲ್ಲ.

ನಿಜವಾದ ಉರಿ ಹತ್ತಿದ್ದು ಆಳಂದದ ಫೋನಿನಿಂದ. ಆ ತಾಲೂಕಿನ ಮಟಕಿ ಎಂಬ ಹಳ್ಳಿಯ ಒಬ್ಬ ಅಜ್ಜಿ. ಅವಳ ಮೂವರು ಮೊಮ್ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವನು ನಾನು, ಅವಳ ಗಂಡನನ್ನು ಮಣ್ಣು ಮಾಡಿದವನೂ ನಾನು. ಎಷ್ಟೋ ವರ್ಷಗಳ ಮೇಲೆ ಅವಳ ಹೆಸರು ಫೋನಿನಲ್ಲಿ ಮಿನುಗಿದಾಗ ಮೈ ಜುಮ್ಮೆಂದಿತು. ಗಂಟಲು ಸರಿ ಮಾಡಿಕೊಂಡು ಎತ್ತಿದೆ.

"ಯಾರು, ಪಾಸ್ಟರ್ ಏನ್ರಿ? ಛಲೋ ಅದೀರೇನ್ರಿ?"

"ಛಲೋ ಅದೇವಿ, ಆಯಿ. ದೇವರ ಕೃಪೆ. ಹೇಳು, ಯಾವುದಕ್ಕ ಪ್ರಾರ್ಥನಾ ಮಾಡ್ಲಿ?"

"ಹಾಂ... ವೈನಿ ಅದಾರೇನ್ರಿ? ಜರಾ ವೈನಿಗೆ ಕೊಡ್ರಿ."

ಕೊಟ್ಟೆ. ಮತ್ತೇನು ಮಾಡಲಿ? ಆ ಕಡೆಯವರಿಗೆ ನನ್ನ ಹೆಂಡತಿ ವೈನಿ, ಅಂದರೆ ಅತ್ತಿಗೆ; ಅವಳ ರೊಟ್ಟಿ ಪ್ರಾರ್ಥನೆಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಆ ವಾರ ಅಫಜಲಪುರದಿಂದ ಮೂರು ಫೋನು ಬಂದವು. ಮೂವರೂ "ಅಮ್ಮಾರು ಅದಾರೇನ್ರಿ" ಎಂದರು. ಫೋನು ನನ್ನದು, ನಂಬರು ನನ್ನದು, ಕರೆನ್ಸಿ ಹಾಕಿಸುವವನು ನಾನು. ಎತ್ತಿ, ನಡೆದುಹೋಗಿ, ಹಿಟ್ಟಿನ ಕೈಗೆ ಹಿಡಿಯುವುದಷ್ಟೇ ನನ್ನ ಪಾಲಿನ ಸೇವೆಯಾಯಿತು. ಒಂದು ಮಧ್ಯಾಹ್ನ ಖಾಲಿ ಚರ್ಚಿನಲ್ಲಿ ಮೊದಲ ಬೆಂಚಿನ ಮೇಲೆ ಕೂತು ನನ್ನನ್ನು ನಾನೇ ಕೇಳಿಕೊಂಡೆ: ಈ ಬೀಗ ತೆಗೆದ ದಿನ ಜನ ಬರುತ್ತಾರೆ, ಸರಿ. ಯಾರಿಗಾಗಿ ಬರುತ್ತಾರೆ? ನಾನು ಇವರಿಗೆ ಬೇಕೋ, ಬೇಡವೋ? ದೇವರನ್ನು ಕೇಳಬೇಕಾದ ಪ್ರಶ್ನೆ ಅದಲ್ಲ ಎಂದು ಗೊತ್ತಿತ್ತು. ಆದರೂ ಅದನ್ನೇ ಕೇಳಿದೆ.

ಅಲ್ಲಿಂದ ಎದ್ದು ಬಂದವನೇ ಗುಂಪಿಗೆ ಸೂಚನೆ ಕಳಿಸಿದೆ. ನಾಳೆಯಿಂದ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಸಭಾಪಾಲಕರೇ ಪ್ರಾರ್ಥನೆ ನಡೆಸಿಕೊಡುವರು, ಎಲ್ಲರೂ ಒಂದೇ ಲಿಂಕಿನಲ್ಲಿ ಸೇರತಕ್ಕದ್ದು, ಶಿಸ್ತಿಗಾಗಿ ಎಲ್ಲರೂ ಮೈಕ್ ಬಂದ್ ಇಡತಕ್ಕದ್ದು. ಮೇಷ್ಟ್ರ ಮೊಮ್ಮಗಳು ಲಿಂಕು ಮಾಡಿಕೊಟ್ಟಳು. ಸಂಜೆ ಹೆಂಡತಿಗೆ ಹೇಳಿದೆ, "ಒಬ್ಬೊಬ್ಬರಿಗೆ ಮಾಡಿ ನಿನಗೂ ದಣಿವು. ನಾನೇ ನೋಡ್ಕೋತೇನಿ."

ಅವಳು ನನ್ನ ಮುಖ ನೋಡಿದಳು. ದಣಿವಿನ ಮಾತು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು.

"ತಗೋರಿ" ಎಂದಳು, ಅಷ್ಟೇ. ಮಾರನೆಯ ದಿನ ನಮಗಿಬ್ಬರಿಗೆ ಎಷ್ಟು ಬೇಕೋ ಅಷ್ಟೇ ರೊಟ್ಟಿ ಮಾಡಿದಳು.

ಮೊದಲ ದಿನ ಇಪ್ಪತ್ತು ಮನೆ ಸೇರಿದವು. ಒಂದು ಕೀರ್ತನೆ, ಸ್ತುತಿ, ಅರಿಕೆ, ವಾಕ್ಯ, ವಿವರಣೆ, ದೀರ್ಘ ಪ್ರಾರ್ಥನೆ, ಆಶೀರ್ವಾದ. ನಲವತ್ತು ನಿಮಿಷ. ಪರದೆಯ ಮೇಲೆ ಎಲ್ಲರ ಮೈಕಿಗೂ ಕೆಂಪು ಗೀಟು; ಒಂದು ಕೆಮ್ಮಿಲ್ಲ, ಒಂದು ಪಾತ್ರೆಯ ಸದ್ದಿಲ್ಲ. ಎಷ್ಟೋ ವಾರಗಳ ಮೇಲೆ ನನಗೆ ಸಮಾಧಾನವಾಯಿತು. ಮೂರನೆಯ ದಿನ ಹದಿನಾಲ್ಕು ಮನೆ. ನಾಲ್ಕನೆಯ ದಿನ ಆಶೀರ್ವಾದ ಮುಗಿಯುತ್ತಲೇ ಮೇಷ್ಟ್ರ ಹೆಂಡತಿ ಮೈಕ್ ತೆಗೆದರು.

"ಪಾಸ್ಟರ್ರೀ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಪ್ರಾರ್ಥನಿಗೆ ನನ್ನ ಮೂರು ರೊಟ್ಟಿ ಕರ‍್ರಗಾಗಿ ಹೋದ್ವು."

"ಒಲಿ ಬಂದ್ ಮಾಡಿ ಕುಂದರಬೇಕಲ್ರಿ ಅಕ್ಕಾರ?"

"ಒಲಿ ಬಂದ್ ಮಾಡಿದ್ರ ನಿಮ್ಮ ಸರಗ ಏನು ಹಾಕ್ಲಿ, ನಿಮ್ಮ ಪ್ರಸಂಗ ಹಾಕ್ಲೇನು?"

ಹಿಂದಿನಿಂದ ಮೇಷ್ಟ್ರು, "ಸುಮ್ಕಿರಬೇ, ಮೈಕ್ ಚಾಲೂ ಅದ" ಎನ್ನುವುದು ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು.

ಮೊದಲ ದಿನದಿಂದಲೂ ಹೆಂಡತಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಕೊಳಕೂರಿನಾಕಿ ಏನಂದ್ಳು?"

"ಏನೂ ಅನ್ಲಿಲ್ಲ. ಹಾಜರಿದ್ಳು."

"ಏನೂ ಅನ್ಲಿಲ್ಲೇನು?"

"ಮೈಕ್ ಬಂದ್ ಇತ್ತು. ಎಲ್ಲಾರದೂ ಬಂದ್ ಇರ್ತದ."

ಅವಳು ಹೂಂ ಎನ್ನುತ್ತಿದ್ದಳು. ನೀನೇ ಒಂದು ಫೋನು ಹಚ್ಚಿ ಕೇಳು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವಳೂ ನನ್ನ ಫೋನು ಮುಟ್ಟಲಿಲ್ಲ. ಅವಳಿಗೂ ಅವಳದೇ ಹಟವಿತ್ತು.

ಆರನೆಯ ದಿನ, ಅಂದರೆ ನಾನು ಪಾರಿವಾಳದ ಹಿಕ್ಕೆ ಕೆರೆದ ದಿನ, ಒಂಬತ್ತು ಮನೆ ಬಂದಿದ್ದವು. ನಾನು ಪಡಸಾಲೆಯ ಮೇಜಿನ ಮುಂದೆ ಕೂತು ದೀರ್ಘ ಪ್ರಾರ್ಥನೆಗೆ ಕಣ್ಣು ಮುಚ್ಚಿದ್ದೆ. ಯಾರೋ ಮೈಕ್ ತೆರೆದೇ ಬಿಟ್ಟಿದ್ದರು. ತಪ ತಪ, ತಪ ತಪ ಎಂದು ರೊಟ್ಟಿ ಬಡಿಯುವ ಸದ್ದು. ನಾನು ದನಿ ಏರಿಸಿದೆ. ಒಗೆದ ಬಟ್ಟೆಯ ಬಕೆಟ್ ಹಿಡಿದು ಹಿತ್ತಲಿಗೆ ಹೊರಟ ಹೆಂಡತಿ ನನ್ನ ಬೆನ್ನ ಹಿಂದೆ ನಿಂತಳು. ಬಡಿಯುವ ಸದ್ದು ಎರಡು ಸಲ ನಿಂತು ಎರಡು ಸಲ ಶುರುವಾಯಿತು, ಆಮೇಲೆ ನಿಂತೇಬಿಟ್ಟಿತು. ಆಮೇಲೆ ರೊಟ್ಟಿ ಬಡಿಯುವ ಪರಾತ ಎತ್ತಿ ಗೋಡೆಗೆ ಒರಗಿಸಿದ ಸದ್ದು.

"ಮೂರೇ ರೊಟ್ಟಿ" ಎಂದಳು ಹೆಂಡತಿ, ತನ್ನಷ್ಟಕ್ಕೆ. ಆಮೇಲೆ ಪರದೆಯ ಹತ್ತಿರ ಬಗ್ಗಿ ನೋಡಿದಳು. "ಕೊಳಕೂರಿನಾಕಿ ಇದು. ಆಕಿ ದಿನಾ ಹನ್ನೊಂದು ಬಡೀತಾಳ. ಗಂಡಗೇ ಐದು ಬೇಕು. ಮೂರಕ್ಕ ಹಿಟ್ಟು ತೆಗ್ದಿಟ್ಳು ನೋಡ್ರಿ. ಫೋನ್ ಕೊಡ್ರಿ."

ನಾನು ಕಣ್ಣು ತೆರೆಯದೆ ಕೈ ಎತ್ತಿ ತಡೆದೆ. ಒಂಬತ್ತು ಮನೆ ಕೇಳುತ್ತಿವೆ, ಪ್ರಾರ್ಥನೆ ನಡುವಿನಲ್ಲಿದೆ.

"ಫೋನ್ ಕೊಡ್ರಿ ಅಂದೆ."

ಕೊಡಲಿಲ್ಲ. ಪ್ರಾರ್ಥನೆ ಮುಗಿಸಿದೆ, ಆಶೀರ್ವಾದ ಹೇಳಿದೆ, ಮೂರು ಸಲ ಆಮೆನ್ ಎಂದೆ. ಹತ್ತು ನಿಮಿಷವಾಗಿರಬೇಕು. ಅಷ್ಟು ಹೊತ್ತೂ ಅವಳು ಬಕೆಟ್ ಹಿಡಿದು ನಿಂತೇ ಇದ್ದಳು. ಬಕೆಟ್ಟಿನ ಅಂಚಿಗೆ ಜೋತ ಒದ್ದೆ ಬಟ್ಟೆಯ ನೀರು ನೆಲದ ಮೇಲೆ ಹರಿಯಿತು. ಈಗಲೂ ಆ ಹತ್ತು ನಿಮಿಷ ನೆನೆದರೆ ನನಗೆ ನನ್ನ ದನಿಯೇ ಕೇಳುತ್ತದೆ.

ಅವಳು ಫೋನು ಹಚ್ಚಿದಳು. "ಏನಬೇ, ಯಾರು ಉಣವಲ್ರು ಮನ್ಯಾಗ?" ಎಂದು ಕೇಳಿದ್ದೇ ತಡ, ಆ ಕಡೆ ಅಳು ಕಟ್ಟೆಯೊಡೆಯಿತು. ಗಂಡನಿಗೆ ಐದು ದಿನದಿಂದ ಜ್ವರ. ನಿನ್ನೆಯಿಂದ ಉಸಿರು ಮೇಲೆ ಕೆಳಗೆ. ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಾನೆ, ಯಾರ ಮುಂದೆಯೂ ಬಾಯಿ ಬಿಡಬೇಡ ಎಂದಿದ್ದಾನೆ. ಊರಿಗೆ ಗೊತ್ತಾದರೆ ಮನೆಗೆ ಬೇಲಿ ಹಾಕುತ್ತಾರೆ, ನಾಳೆ ಎಮ್ಮೆ ಈದರೆ ಹಾಲು ಯಾರೂ ಒಯ್ಯುವುದಿಲ್ಲ, ದವಾಖಾನೆಗೆ ಹೋದವರು ತಿರುಗಿ ಬಂದಿಲ್ಲ. ಅತ್ತೆಯೂ ಬಾಯಿ ಕೆಟ್ಟು ಉಣ್ಣುತ್ತಿಲ್ಲ.

"ಐದು ದಿನ! ಒಂದು ಮಾತು ಹೇಳಬಾರ್ದೇನು?"

"ಹ್ಯಾಂಗ ಹೇಳ್ಲಿರಿ ಅಮ್ಮಾ? ನೀವಿದ್ದಾಗ ನಾವಿಬ್ರೇ ಇರ್ತಿದ್ವಿ. ಈಗ ಸರ ಕೇಳ್ತಾರ, ಅಕ್ಕಾರು ಕೇಳ್ತಾರ, ಎಲ್ಲಾರೂ ಕೇಳ್ತಾರ. ಪಾಸ್ಟರೂ ಮೈಕ್ ಬಂದ್ ಮಾಡ್ರಿ ಅಂದಾರ."

ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿ ಇತ್ತು.

ಗೋಡೆಯಾಚೆಯ ಗೌಡರು ತಮ್ಮ ಜೀಪು ತೆಗೆದರು. ಅವರ ತಮ್ಮ ಕಲಬುರಗಿಯ ದವಾಖಾನೆಯಿಂದ ಇನ್ನೂ ಮರಳಿರಲಿಲ್ಲ. ಆದ್ದರಿಂದ ಅವರಿಗೆ ವಿವರಿಸಿ ಹೇಳುವ ಕೆಲಸವೇ ಬೀಳಲಿಲ್ಲ. ಬಾಯಿಗೆ ಮಾಸ್ಕ್, ಅದರ ಮೇಲೆ ಟವೆಲ್ ಸುತ್ತಿಕೊಂಡು, "ನೀವು ಹಿಂದ ಕುಂದರ್ರಿ ಪಾಸ್ಟರ್, ಕಿಟಕಿ ಎಲ್ಲಾ ತೆಗೀರಿ. ನಿಮ್ಮ ದೇವರು ಹಿಂದ ಇರ್ಲಿ, ಮುಂದಿಂದು ನಮ್ಮ ಬಸವಣ್ಣ ನೋಡ್ಕೋತಾನ" ಎಂದರು. ಹೆಂಡತಿ ಬರುತ್ತೇನೆ ಎಂದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆ, ಬೇಡ ಎಂದೆ. ಆ ಮಾತು ನಿಜ. ಆದರೆ ಈ ಒಂದು ಕೆಲಸವಾದರೂ ನನ್ನ ಕೈಯಿಂದ ಆಗಲಿ ಎಂಬ ಆಸೆಯೂ ಅದರೊಳಗೆ ಇತ್ತು. ಅವಳಿಗೆ ಕೊಟ್ಟು ಹೋಗಲು ಮನೆಯಲ್ಲಿ ಬೇರೆ ಫೋನು ಇರಲಿಲ್ಲ. ಅವಳು ಗೌಡತಿಯ ಫೋನು ಇಸಿದುಕೊಂಡಳು.

ಕೊಳಕೂರದಲ್ಲಿ ಬಿಸಿಲು ಬೆಂಕಿಯಾಗಿತ್ತು. ಮನೆಯ ಮುಂದೆ ಎಮ್ಮೆ ಕಟ್ಟಿತ್ತು. ಅತ್ತೆ ಹೊಸ್ತಿಲ ಮೇಲೆ, ಮಕ್ಕಳಿಬ್ಬರೂ ಬೇವಿನ ಗಿಡದ ಕೆಳಗೆ. ನಾನು ಕೋಣೆಯ ಕಿಟಕಿಯ ಹೊರಗೆ ನಿಂತು ಕರೆದೆ. ಒಳಗಿನಿಂದ ಕೆಮ್ಮು ಬಂತು. ನಾನು ಮಾತಾಡಿದೆ. ಜೀವ ದೇವರು ಕೊಟ್ಟದ್ದು, ಅದನ್ನು ಕಾಯುವುದು ನಮ್ಮ ಕರ್ತವ್ಯ, ಹೆದರಿಕೆ ವಿಶ್ವಾಸಿಗೆ ತಕ್ಕದ್ದಲ್ಲ, ಮಕ್ಕಳ ಮುಖ ನೋಡು. ಒಳ್ಳೆಯ ಮಾತುಗಳೇ. ಒಳಗಿನಿಂದ ತುಂಡು ತುಂಡು ದನಿ ಬಂತು.

"ಪಾಸ್ಟರ್... ಪ್ರಸಂಗ... ಸಾಕ್ರಿ."

ಗೌಡರು ಆ ಕಡೆ ಮುಖ ತಿರುಗಿಸಿಕೊಂಡರು. ಇನ್ನೊಂದು ಐದು ನಿಮಿಷ ಪ್ರಯತ್ನಿಸಿದೆ. ಚಿಲಕ ಅಲುಗಲಿಲ್ಲ. ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಹೊತ್ತು ಹೋಗುತ್ತಿತ್ತು, ಅವನ ಉಸಿರಿನ ಸದ್ದು ಕಿಟಕಿಯ ಹೊರಗೂ ಬರುತ್ತಿತ್ತು. ಆಗ ನಾನು ಗೌಡತಿಯ ನಂಬರಿಗೆ ಫೋನು ಹಚ್ಚಿ, ಸ್ಪೀಕರ್ ಮಾಡಿ, ಕಿಟಕಿಯ ಸರಳಿಗೆ ಹಿಡಿದು ನಿಂತೆ. ಅಷ್ಟು ಮಾಡುವುದಕ್ಕೆ ನನಗೆ ಎಷ್ಟು ಕಷ್ಟವಾಯಿತೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

"ಲೇ ತಮ್ಮಾ" ಎಂದಳು ಹೆಂಡತಿ. "ನಿನಗೇನೂ ಆಗಿಲ್ಲ ಅಂತೀಯಲ್ಲ? ಹೌದಿಲ್ಲೋ?"

"ಹೌದ್ರಿ... ಅಮ್ಮಾ."

"ಹಂಗಾದ್ರ ಬಾಗಿಲಾ ತೆಗೆದು ಎಮ್ಮಿ ತನಕ ನಡ್ಕೊಂಡು ಹೋಗಿ ಬಾ. ಬಂದು ನನಗ ನಿನ್ನ ಎಮ್ಮಿ ಹ್ಯಾಂಗದ ಅಂತ ಒಂದೇ ಉಸಿರಿಗೆ ಹೇಳು. ಹೇಳಿದೆ ಅಂದ್ರ ಗೌಡರು ಜೀಪ್ ತಿರಗಿಸ್ಕೊಂಡು ಬರ್ತಾರ. ನಾ ಮತ್ತ ಕೇಳೂದಿಲ್ಲ."

ಚಿಲಕ ತೆಗೆದ ಸದ್ದು ಬಂತು. ಹಟದವನಲ್ಲವೇ, ಎದೆ ಸೆಟೆಸಿಕೊಂಡೇ ಬಂದ. ಒಂದು ಹೆಜ್ಜೆ, ಎರಡು, ನಾಲ್ಕು. ಐದನೆಯದಕ್ಕೆ ಬೇವಿನ ಗಿಡ ಹಿಡಿದ. ಎಮ್ಮೆ ಇನ್ನೂ ಅಷ್ಟೇ ದೂರದಲ್ಲಿತ್ತು. ಮಕ್ಕಳು ಅಪ್ಪನನ್ನು ನೋಡುತ್ತಿದ್ದರು. ಅವನು ಎಮ್ಮೆಯನ್ನು ನೋಡಿದ, ನಮ್ಮನ್ನು ನೋಡಿದ, ಅಲ್ಲೇ ಕುಸಿದು ಕೂತ.

"ಏನಾತು?" ಎಂದಿತು ಫೋನು.

"ಬರ್ತಾನ" ಎಂದೆ ನಾನು.

ಜೇವರ್ಗಿಯ ದಾರಿಯುದ್ದಕ್ಕೂ ಅವನು ನನ್ನ ಭುಜಕ್ಕೆ ಒರಗಿದ್ದ. ಅದು ನನ್ನ ಮೇಲಿನ ಭರವಸೆಯೇನಲ್ಲ, ರಸ್ತೆಯ ಗುಂಡಿಗಳು. ನಡುವೆ ಒಮ್ಮೆ ನನ್ನ ಮುಂಗೈ ಹಿಡಿದು ಏನೋ ಹೇಳಲು ಬಾಯಿ ತೆರೆದ. ನಾನು ತಲೆ ತಗ್ಗಿಸಿದೆ. ಪ್ರಾರ್ಥನೆ ಕೇಳುತ್ತಾನೆ ಎಂದುಕೊಂಡೆ.

"ಅಮ್ಮಾರಿಗೆ... ಹೇಳ್ರಿ. ಎಮ್ಮಿ... ಈ ವಾರ ಈಯ್ತದ. ಹಗ್ಗ... ಸಡ್ಲ ಮಾಡು ಅಂತ... ನನ್ನ ಹೆಂಡ್ತಿಗೆ... ಹೇಳಾಕ ಹೇಳ್ರಿ."

"ನಾನೇ ಹೇಳ್ತೇನಿ ನಿನ್ನ ಹೆಂಡ್ತಿಗೆ."

"ಬ್ಯಾಡ್ರಿ. ನೀವು... ಮರೀತೀರಿ."

ಒಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡುತ್ತಿದ್ದಾಗ ನನ್ನ ಹೊಟ್ಟೆ ಉರಿಯಿತು. ಇದನ್ನು ನಾನು ಬದಲಿಸಿ ಬರೆಯಲಾರೆ. ಅವನಿಗಾಗಿ ಪ್ರಾರ್ಥಿಸಿದೆ, ಮನಸ್ಸಿನಲ್ಲೇ, ಚಿಕ್ಕದಾಗಿ. ಎಮ್ಮೆಯನ್ನೂ ಸೇರಿಸಿದೆ.

ತಾಲೂಕು ದವಾಖಾನೆಯಲ್ಲಿ ಒಂದು ಹಾಸಿಗೆ ಸಿಕ್ಕಿತು, ಆಮ್ಲಜನಕದ ಕೊಳವೆಯೂ ಸಿಕ್ಕಿತು. ಮೈ ತುಂಬ ನೀಲಿ ಚೀಲ ತೊಟ್ಟ ಡಾಕ್ಟರು, ಎಷ್ಟು ದಿನದಿಂದ ಜ್ವರ ಎಂದು ಕೇಳಿದರು. ಐದು ಎಂದೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ, ನಾಳೆಗೆ ಬಿಟ್ಟಿದ್ದರೆ ನನ್ನ ಹತ್ತಿರ ತರಬೇಕಾಗಿಯೇ ಇರಲಿಲ್ಲ ಎಂದರು. ಪ್ರಾರ್ಥನೆ ನಡೆಸುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಹೆಂಡತಿಯ ಕೈಯಿಂದ ನಾನು ಆ ಹೊತ್ತನ್ನು ಕಸಿದುಕೊಂಡು ಆರು ದಿನವಾಗಿತ್ತು. ಅವನಿಗೆ ಜ್ವರ ಬಂದು ಐದು. ಈ ಎರಡು ಅಂಕಿಗಳನ್ನು ದವಾಖಾನೆಯ ಗೇಟಿನಿಂದ ಮನೆಯ ತನಕ ನಡೆಯುತ್ತ ಹೇಳಿಕೊಂಡೆ. ಗೌಡರು ಜೀಪು ತೊಳೆಸಲು ಹೋಗಿದ್ದರು. ಅವನು ಇಪ್ಪತ್ತು ದಿನ ಅಲ್ಲಿದ್ದು ಬದುಕಿ ಬಂದ, ಈಗಲೂ ಟ್ರ್ಯಾಕ್ಟರ್ ಓಡಿಸುತ್ತಾನೆ. ಆದರೆ ಅವತ್ತು ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹೆಂಡತಿ ನನ್ನನ್ನು ಒಳಗೆ ಬಿಡಲಿಲ್ಲ. ಹಿತ್ತಲಲ್ಲೇ ಬಿಸಿನೀರು ಕಾಯಿಸಿಟ್ಟಿದ್ದಳು, ಬಟ್ಟೆ ನೆನೆಸಲು ಬೇರೆ ಬಕೆಟ್. ಹದಿನಾಲ್ಕು ದಿನ ನಾನು ಹೊರಗಿನ ವರಾಂಡದಲ್ಲಿ ಇರಬೇಕೆಂದು ಚಾಪೆ, ದಿಂಬು, ತಟ್ಟೆ, ಲೋಟ ಎಲ್ಲ ಅಲ್ಲಿ ಜೋಡಿಸಿದ್ದಳು. ಕಿಟಕಿಯ ಒಳಗೆ ಅವಳು, ಹೊರಗೆ ನಾನು. ಎಮ್ಮೆಯ ಹಗ್ಗದ ಮಾತು ಮೊದಲು ಹೇಳಿದೆ, ಮರೆಯುವ ಮುಂಚೆ. ಆಮೇಲೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಆಮೇಲೆ, "ನೀ ಫೋನ್ ಕೇಳಿದಾಗ ಕೊಡಬೇಕಿತ್ತು" ಎಂದೆ.

"ಹೌದ್ರಿ, ಕೊಡಬೇಕಿತ್ತು" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಕಿಟಕಿಯ ಸರಳು ಹಿಡಿದು ಅಂದಳು, "ನನ್ನ ಮ್ಯಾಲ ಹೊಟ್ಟಿಕಿಚ್ಚು ಇತ್ತು ನಿಮಗ. ಇಲ್ಲ ಅನ್ನಬ್ಯಾಡ್ರಿ."

"ಇತ್ತು ಅಲ್ಲ. ಅದ."

ಅವಳಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹುಚ್ಚಪ್ಪ. ನೀವು ಅದೀರಿ ಅಂತ ನಾ ಪಾಸ್ಟರಮ್ಮ. ಇಲ್ಲಾಂದ್ರ ನನಗ್ಯಾರು ಫೋನ್ ಮಾಡ್ತಾರ?" ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅದು. ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹೊತ್ತು ಮುಳುಗಿದ ಮೇಲೆ ಕಿಟಕಿಯಲ್ಲಿ ತಟ್ಟೆ ದಾಟಿಸಿ, ಅಲ್ಲೇ ಒಳಗಿನ ಗೋಡೆಗೆ ಒರಗಿ ಕೂತಳು. ಏಳೂವರೆಗೆ ನನ್ನ ಫೋನು ಬಡಿದುಕೊಂಡಿತು. ಕೊಳಕೂರದವಳು.

"ಪಾಸ್ಟರ್ ಏನ್ರಿ? ಅಮ್ಮಾರು ಅದಾರೇನ್ರಿ?"

ಕಿಟಕಿಯಲ್ಲಿ ಇಣುಕಿದೆ. ಅವಳ ತಲೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

"ಮಲ್ಕೊಂಡಾಳ. ಎಬ್ಬಿಸ್ಲೇನು?"

"ಬ್ಯಾಡ್ರಿ, ಬ್ಯಾಡ್ರಿ." ನಾನು ಮಾತು ತುಂಬಬಾರದೆಂದು ತುಟಿ ಬಿಗಿ ಹಿಡಿದೆ. "ಆತ ಏನರ ಉಂಡನೇನ್ರಿ?"

"ನಾ ಬರೂತನಾ ಅರ್ಧ ಲೋಟ ಗಂಜಿ ಕುಡ್ದಿದ್ದ. ನಾನೇ ಕುಡಿಸ್ದೆ. ಕೊಳವೆ ಹಾಕಿದ ಮ್ಯಾಲ ಉಸಿರು ಸ್ವಲ್ಪ ಸಾವಕಾಶ ಆತು."

"ಹೌದ್ರಿ?" ಎಂದಳು. "ಪಾಸ್ಟರ್ರೀ, ನಾಳೆ ಮುಂಜಾನಿ ಯಾರು ಮಾಡ್ತಾರ್ರಿ?"

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಖುಷಿಯಿಂದ ಕೊಟ್ಟೆ ಎಂದೂ ಹೇಳಲಾರೆ.

"ಅಮ್ಮಾರೇ ಮಾಡ್ತಾರ. ಮೊದ್ಲಿನ ಗತೆ, ನಿನಗ ಬ್ಯಾರೆ, ಎಲ್ಲಾರಿಗೂ ಬ್ಯಾರೆ."

"ಹಂಗಾದ್ರ ಛಲೋ ಆತ್ರಿ" ಎಂದಳು, ನೇರವಾಗಿ, ಯಾವ ಮುಚ್ಚುಮರೆಯೂ ಇಲ್ಲದೆ. ಆಮೇಲೆ, "ನೀವೂ ಹುಷಾರಿ ಇರ್ರಿ ಪಾಸ್ಟರ್" ಎಂದು ಇಟ್ಟಳು.

ತಟ್ಟೆಯಲ್ಲಿ ಉಪ್ಪಿಟ್ಟು, ಒಂದು ಹಸಿ ಉಳ್ಳಾಗಡ್ಡಿ, ಲೋಟದಲ್ಲಿ ಮಜ್ಜಿಗೆ. ಉಪ್ಪಿಟ್ಟು ಆರಿಹೋಗಿತ್ತು, ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಎಲ್ಲವನ್ನೂ ತಿಂದೆ. ಅವಳು ಊಟ ಮಾಡಿದಳೋ ಇಲ್ಲವೋ ಕೇಳಲಿಲ್ಲವಲ್ಲ ಎಂದು ಆಗ ನೆನಪಾಯಿತು. ಕೇಳೋಣವೆಂದರೆ ಅವಳು ನನಗಿಂತ ಮೊದಲೇ ಮಲಗಿಬಿಟ್ಟಿದ್ದಳು.